ಮಾರುಕಟ್ಟೆಗೆ ಬೇಡವಾದ ಸಂಗೀತವನ್ನು ಉಳಿಸೋರು ಯಾರು?

ಮೂಗ್ ಸಿಂಥಸೈಜರ್‌ನಿಂದ ಮೈಸೂರು ಅರಮನೆಯವರೆಗೆ, ಪ್ರಾಗ್ ಜೈಲಿನಿಂದ ಆರ್‌ಟಿಐ ಅರ್ಜಿಯವರೆಗೆ: ಪ್ರಯೋಗಶೀಲ ಸಂಗೀತದ ಧ್ವನಿಮುದ್ರಣಗಳು ಕಳೆದುಹೋಗೋದು, ಸಿಗೋದು, ಹಂಚಿಕೆಯಾಗೋದು ಹೇಗೆ ಅನ್ನೋದರ ವಿವರ ಇಲ್ಲಿದೆ.

2023ರಲ್ಲಿ ಲಂಡನ್ನಿನ ಲೇಬಲ್ ಒಂದು 'ದಿ ಎನ್‌ಐಡಿ ಟೇಪ್ಸ್' ಅನ್ನೋ ಆಲ್ಬಂ ಹೊರತಂದಿತು. ಅದರಲ್ಲಿದ್ದದ್ದು 1969ರಿಂದ 1972ರವರೆಗೆ ಅಹಮದಾಬಾದಿನಲ್ಲಿ ತಯಾರಾದ ಎಲೆಕ್ಟ್ರಾನಿಕ್ ಸಂಗೀತ. ಹಾಗೆ ನೋಡಿದರೆ ಇದು ನಮ್ಮದೇ ತೆರಿಗೆ ದುಡ್ಡಿನಲ್ಲಿ, ನಮ್ಮದೇ ಸರ್ಕಾರಿ ಸಂಸ್ಥೆಯಲ್ಲಿ ಹುಟ್ಟಿದ್ದು. ಆದರೆ ಸುಮಾರು 50 ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಇದ್ದವು. ಯಾರೂ ಕದ್ದಿರಲಿಲ್ಲ, ನಿಷೇಧಿಸಿರಲಿಲ್ಲ, ಸುಟ್ಟಿರಲಿಲ್ಲ. ಯಾರೂ ಕೇಳಲಿಲ್ಲ, ಅಷ್ಟೇ.

ಒಂದು ಸಂಗೀತ ಇಲ್ಲವಾಗೋಕೆ ಅಷ್ಟೇ ಸಾಕು. ಹಾಗಾದರೆ ಅದು ಉಳಿಯೋಕೆ ಏನು ಬೇಕು?

ಪ್ರಯೋಗಶೀಲ ಸಂಗೀತ ಅಂದ್ರೆ ಏನು?

ಅವಾಂಗಾರ್ಡ್, ಪ್ರಯೋಗಶೀಲ, ನಾಯ್ಸ್, ಎಲೆಕ್ಟ್ರೋ-ಅಕೌಸ್ಟಿಕ್ ಅಂತ ಹೆಸರುಗಳು ಹತ್ತಾರು. ಸರಳವಾಗಿ ಹೇಳೋದಾದರೆ, "ಸಂಗೀತ ಅಂದ್ರೆ ಇಷ್ಟೇ" ಅಂತ ಆಯಾ ಕಾಲದ ಕಿವಿ ಹಾಕಿಕೊಂಡ ಗೆರೆಯನ್ನು ದಾಟಿ ನೋಡೋ ಸಂಗೀತ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋ ಇಂಜಿನಿಯರ್ ಪಿಯರ್ ಶೆಫರ್ ರೈಲಿನ ಸದ್ದುಗಳನ್ನು ಮುದ್ರಿಸಿ, ಕತ್ತರಿಸಿ, ಜೋಡಿಸಿ ಒಂದು ಕೃತಿ ಮಾಡಿದ. 1952ರಲ್ಲಿ ಅಮೆರಿಕದ ಜಾನ್ ಕೇಜ್, ವಾದಕ ಒಂದೂ ಸ್ವರ ನುಡಿಸದೆ 4 ನಿಮಿಷ 33 ಸೆಕೆಂಡು ಕೂರುವ ಕೃತಿಯನ್ನು ಮುಂದಿಟ್ಟ. ಸಭಾಂಗಣದ ಕೆಮ್ಮು, ಗಾಳಿ, ಗುಸುಗುಸುವೇ ಅಲ್ಲಿ ಸಂಗೀತ.

ಇಂಥ ಸಂಗೀತಕ್ಕೆ ಧ್ವನಿಮುದ್ರಣ ಯಾಕೆ ಅಷ್ಟು ಮುಖ್ಯ? ತ್ಯಾಗರಾಜರ ಕೃತಿ ಶಿಷ್ಯಪರಂಪರೆಯಲ್ಲಿ ಬಾಯಿಂದ ಬಾಯಿಗೆ ಬಂತು. ಬೀಥೊವನ್‌ನ ಸಂಗೀತ ಕಾಗದದ ಮೇಲೆ ಉಳೀತು. ಆದರೆ ಟೇಪಿನ ಮೇಲೆ ಕತ್ತರಿಸಿ ಅಂಟಿಸಿದ ಸಂಗೀತಕ್ಕೆ ಗುರುವೂ ಇಲ್ಲ, ಸ್ವರಲಿಪಿಯೂ ಇಲ್ಲ. ಎಷ್ಟೋ ಸಲ ಆ ಟೇಪೇ ಕೃತಿ. ಟೇಪ್ ಹೋದರೆ ಕೃತಿ ಹೋಯ್ತು.

ಅಹಮದಾಬಾದಿಗೆ ಸಿಂಥಸೈಜರ್ ಹೇಗೆ ಬಂತು?

ಕತೆ ಶುರುವಾಗೋದು ಗೀತಾ ಸಾರಾಭಾಯಿ ಅವರಿಂದ. ಪಖವಾಜ್ ಕಲಿತಿದ್ದ ಅವರು 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್‌ನನ್ನು ಭೇಟಿಯಾದರು. ಇಬ್ಬರ ನಡುವೆ ಕೊಡು-ಕೊಳ್ಳುವಿಕೆಯ ಒಪ್ಪಂದವಾಯ್ತು: ಅವನು ಇವರಿಗೆ ಪಾಶ್ಚಾತ್ಯ ಸಂಗೀತ ಕಲಿಸೋದು, ಇವರು ಅವನಿಗೆ ಭಾರತೀಯ ಸಂಗೀತ. ಮನಸ್ಸನ್ನು ಶಾಂತಗೊಳಿಸಿ ದೈವೀ ಪ್ರಭಾವಕ್ಕೆ ಅಣಿ ಮಾಡೋದೇ ಸಂಗೀತದ ಉದ್ದೇಶ ಅನ್ನೋ ಮಾತನ್ನು ಕೇಜ್ ಕೇಳಿದ್ದು ಗೀತಾ ಅವರಿಂದ. ಅದನ್ನು ಅವನು ಜೀವನವಿಡೀ ಹೇಳಿಕೊಂಡು ಬಂದ. ಅಂದ್ರೆ ಈ ಪ್ರಯೋಗ ಪೂರ್ತಿ ಪಶ್ಚಿಮದ ಸರಕು, ನಾವು ತಡವಾಗಿ ಆಮದು ಮಾಡಿಕೊಂಡೆವು ಅನ್ನೋ ಮಾತು ಅರ್ಧ ಮಾತ್ರ ನಿಜ.

ಗೀತಾ ಅವರ ಒಡಹುಟ್ಟಿದವರಾದ ಗೌತಮ್ ಮತ್ತು ಗಿರಾ ಸಾರಾಭಾಯಿ, 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯನ್ನು ಕಟ್ಟಿದವರು. 1969ರಲ್ಲಿ ಕೇಜ್‌ನ ಒಡನಾಡಿ ಡೇವಿಡ್ ಟ್ಯೂಡರ್ ಅಲ್ಲಿಗೆ ಬಂದು ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೋ ಸಜ್ಜು ಮಾಡಿಕೊಟ್ಟ. ಮುಂದಿನ 3 ವರ್ಷ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ಕೆಲಸ ಮಾಡಿದರು. ಒಂದು ಕೃತಿಯ ಹೆಸರು 'ಸ್ಪೇಸ್ ಲೈನರ್ 2001'. ಇನ್ನೊಂದರ ಹೆಸರು 'ಒನ್ಸ್ ಐ ಪ್ಲೇಡ್ ಎ ತಾನ್‌ಪುರಾ'. ಆಮೇಲೆ ಸ್ಟುಡಿಯೋ ನಿಂತುಹೋಯ್ತು, ರೀಲುಗಳು ಮೂಲೆ ಸೇರಿದವು.

2010ರ ದಶಕದ ಕೊನೆಗೆ ಪಾಲ್ ಪರ್ಗಾಸ್ ಎಂಬ ಬ್ರಿಟಿಷ್ ಕಲಾವಿದ ಈ ಸ್ಟುಡಿಯೋದ ಜಾಡು ಹಿಡಿದು ಬಂದ. ಆ ಸಂಗ್ರಹದಲ್ಲಿ ರೀಲುಗಳನ್ನು ಹುಡುಕಿ, ಡಿಜಿಟಲ್ ಮಾಡಿಸಿದ. 2020ರಲ್ಲಿ ಬಿಬಿಸಿ ರೇಡಿಯೋ ಸಾಕ್ಷ್ಯಚಿತ್ರ ಬಂತು, 2023ರಲ್ಲಿ ಆಲ್ಬಂ. ಪರ್ಗಾಸ್ ಬರದೇ ಇದ್ದಿದ್ದರೆ? ಉತ್ತರ ನಿಮಗೇ ಗೊತ್ತು.

ಹಕ್ಕುದಾರ ಕಂಪನಿ ಉಳಿಸಲ್ವಾ?

ಬಾಲಿವುಡ್ ಹಾಡುಗಳಿಗೆ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಎಚ್‌ಎಂವಿಗೆ ಒಂದು ಎಲ್‌ಪಿ ಮಾಡಿಕೊಟ್ಟರು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ರೋಲೆಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಯಂತ್ರಗಳ ಮೇಲೆ ಭೈರವ್, ಮಧುವಂತಿಯಂಥ ರಾಗಗಳು. ಹೆಸರು 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ರೆಕಾರ್ಡ್ ಓಡಲಿಲ್ಲ.

5 ವರ್ಷದ ನಂತರ, 1987ರಲ್ಲಿ, ಶಿಕಾಗೋದ ಹುಡುಗರು ಅದೇ ಟಿಬಿ-303 ಯಂತ್ರ ಬಳಸಿ 'ಆ್ಯಸಿಡ್ ಟ್ರ್ಯಾಕ್ಸ್' ಮಾಡಿದರು. ಆ್ಯಸಿಡ್ ಹೌಸ್ ಅನ್ನೋ ಪ್ರಕಾರವೇ ಹುಟ್ಟಿಕೊಳ್ತು. ಅವರು ಸಿಂಗ್ ಅವರನ್ನು ಕೇಳಿ ಕಲಿತರು ಅನ್ನೋಕೆ ಯಾವ ಆಧಾರವೂ ಇಲ್ಲ. "ನಾವೇ ಕಂಡುಹಿಡಿದದ್ದು" ಅಂತ ಎದೆ ತಟ್ಟಿಕೊಳ್ಳೋದು ಬೇಡ. ಎರಡು ಊರಲ್ಲಿ ಒಂದೇ ಯಂತ್ರದಿಂದ ಹತ್ತಿರ ಹತ್ತಿರದ ಸದ್ದು ಹೊರಟಿತು ಅನ್ನೋದೇ ಸಾಕಷ್ಟು ಸೋಜಿಗ.

ಸಿಂಗ್ ಅವರ ಎಲ್‌ಪಿಯನ್ನು 2002ರಲ್ಲಿ ದೆಹಲಿಯಲ್ಲಿ ಕಂಡದ್ದು ಎಡೋ ಬೌಮನ್ ಅನ್ನೋ ಡಚ್ ಸಂಗ್ರಾಹಕ. 2010ರಲ್ಲಿ ತನ್ನ ಪುಟ್ಟ ಲೇಬಲ್‌ನಿಂದ ಅದನ್ನು ಮತ್ತೆ ಹೊರತಂದ. ಹಣ್ಣು ವಯಸ್ಸಿನಲ್ಲಿ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ನುಡಿಸಿದರು. 2015ರಲ್ಲಿ ತೀರಿಕೊಂಡರು.

ಹಕ್ಕು ಇದ್ದದ್ದು ದೊಡ್ಡ ಕಂಪನಿ ಕೈಲಿ, ಹುಡುಕಿದ್ದು ಹಳೇ ರೆಕಾರ್ಡ್ ರಾಶಿ ಕೆದಕುವ ಹುಚ್ಚು ಹಿಡಿದ ಒಬ್ಬ ಮನುಷ್ಯ. ಇದು ಭಾರತದ್ದಷ್ಟೇ ಕತೆ ಅಲ್ಲ. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬೆಂಕಿ ಬಿದ್ದು, ಯೂನಿವರ್ಸಲ್ ಮ್ಯೂಸಿಕ್‌ನ ಮೂಲ ಟೇಪುಗಳು ಸುಟ್ಟವು. ಎಷ್ಟು ದೊಡ್ಡ ಅನಾಹುತ ಆಗಿರಬಹುದು ಅನ್ನೋದು ಹೊರಜಗತ್ತಿಗೆ ಗೊತ್ತಾದದ್ದು 2019ರಲ್ಲಿ, ಪತ್ರಿಕಾ ವರದಿಯಿಂದ. ನಷ್ಟದ ಪ್ರಮಾಣದ ಬಗ್ಗೆ ಕಂಪನಿ ತಕರಾರು ಎತ್ತಿತು. ಕಂಪನಿ ಕೈಲಿದ್ದರೆ ಭದ್ರ ಅನ್ನೋ ನಂಬಿಕೆಯಂತೂ ಅಲ್ಲಿಗೆ ಮುಗೀತು.

ಹಾಗಾದ್ರೆ ಖರ್ಚು ಹೊತ್ತವರು ಯಾರು?

ಒಂದು ಉತ್ತರ ನಮ್ಮ ಮೈಸೂರಲ್ಲೇ ಇದೆ. ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಯೋಜಕ. ಅವನು ಪ್ರಯೋಗಶೀಲನಲ್ಲ, ಆಧುನಿಕ ಸಂಗೀತವನ್ನು ಕಂಡರೆ ಆಗದವನು. ಆದರೆ ಮಾರುಕಟ್ಟೆ ಅವನನ್ನೂ ಮರೆತಿತ್ತು. ಅವನ ಸಂಗೀತವನ್ನು ಮೆಚ್ಚಿಕೊಂಡಿದ್ದ ಜಯಚಾಮರಾಜೇಂದ್ರ ಒಡೆಯರ್ 1940ರ ದಶಕದ ಕೊನೆಗೆ ಹಣ ಕೊಟ್ಟು 'ಮೆಟ್ನರ್ ಸೊಸೈಟಿ' ಹುಟ್ಟುಹಾಕಿದರು. ಎಚ್‌ಎಂವಿ ಅವನ ಕೃತಿಗಳನ್ನು ಮುದ್ರಿಸಿತು, ಸ್ವತಃ ಮೆಟ್ನರ್ ಪಿಯಾನೋ ನುಡಿಸಿದ. ಕೆಲವೇ ವರ್ಷದಲ್ಲಿ, 1951ರಲ್ಲಿ, ಅವನು ಸತ್ತ. ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಚರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ.

ರಾಜಾಶ್ರಯದ ಗುಣಗಾನ ಮಾಡೋಕೆ ಇದನ್ನು ಹೇಳ್ತಿಲ್ಲ. ಎನ್‌ಐಡಿಯಲ್ಲಿ ಸರ್ಕಾರ, ಲಂಡನ್ನಿನಲ್ಲಿ ಮಹಾರಾಜ, ದೆಹಲಿಯಲ್ಲಿ ಸಂಗ್ರಾಹಕ. ಮೂರೂ ಕಡೆ ಮಾರುಕಟ್ಟೆಯ ಲೆಕ್ಕಾಚಾರಕ್ಕೆ ಹೊರಗಿನವರು ಬರಬೇಕಾಯ್ತು. ಈಗ ಮಹಾರಾಜರಿಲ್ಲ. ಉಳಿದದ್ದು ಎರಡೇ: ಸರ್ಕಾರ ಮತ್ತು ನಾವು.

ಸರ್ಕಾರವೇ ಶತ್ರುವಾದರೆ?

ಚೆಕೊಸ್ಲೊವಾಕಿಯಾದಲ್ಲಿ 1968ರ ಸೋವಿಯತ್ ದಾಳಿಯ ಬೆನ್ನಲ್ಲೇ ಹುಟ್ಟಿದ ಬ್ಯಾಂಡ್ 'ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್'. ಒರಟು ಸ್ಯಾಕ್ಸೊಫೋನು, ವಯಲಿನ್ನು, ವಿಚಿತ್ರ ಲಯ. ಅವರ ಹಾಡುಗಳಲ್ಲಿ ನೇರ ರಾಜಕೀಯ ಘೋಷಣೆ ಹುಡುಕಿದರೂ ಸಿಗೋದು ಕಷ್ಟ. ಆದರೂ ಅಧಿಕೃತವಾಗಿ ನುಡಿಸೋ ಪರವಾನಗಿ ಕಿತ್ತುಕೊಂಡರು. 1976ರಲ್ಲಿ ಬ್ಯಾಂಡ್ ಮತ್ತು ಅದರ ಒಡನಾಡಿಗಳ ಮೇಲೆ ವಿಚಾರಣೆ ನಡೀತು. ಬ್ಯಾಂಡಿನ ಮಾರ್ಗದರ್ಶಕ ಇವಾನ್ ಯಿರೋಸ್‌ಗೆ 18 ತಿಂಗಳ ಜೈಲು.

ಈ ವಿಚಾರಣೆಯಿಂದ ಕೆರಳಿದವರಲ್ಲಿ ನಾಟಕಕಾರ ವಾತ್ಸ್ಲಾವ್ ಹಾವೆಲ್ ಒಬ್ಬ. 1977ರ ಜನವರಿಯಲ್ಲಿ ಹೊರಬಂದ 'ಚಾರ್ಟರ್ 77' ಎಂಬ ನಾಗರಿಕ ಹಕ್ಕುಗಳ ಮನವಿಗೆ ಕಿಡಿ ಹೊತ್ತಿದ್ದು ಇಲ್ಲೇ. 1989ರ ಕೊನೆಗೆ ಅದೇ ಹಾವೆಲ್ ದೇಶದ ಅಧ್ಯಕ್ಷನಾದ. ಅತ್ತ, ಕದ್ದುಮುಚ್ಚಿ ಮುದ್ರಿಸಿದ ಬ್ಯಾಂಡಿನ ಟೇಪುಗಳು ಗಡಿ ದಾಟಿದವು, 1978ರಲ್ಲಿ ಪಶ್ಚಿಮ ಯುರೋಪಿನಲ್ಲಿ ಆಲ್ಬಂ ಆದವು. ದೇಶದೊಳಗೆ ಕೈಯಿಂದ ಕೈಗೆ ದಾಟಿದ್ದು ನಕಲಿನ ನಕಲು. ಸದ್ದು ಮಸುಕಾದರೂ ಕೇಳೋರು ಹೆಚ್ಚಾದರು. ಅವತ್ತು ಅಲ್ಲಿ ಒಂದು ಕ್ಯಾಸೆಟ್ ನಕಲು ಮಾಡೋದು ಅಂದ್ರೆ ಒಂದು ಪಕ್ಷ ವಹಿಸೋದು.

ಹಂಚಿಕೆ ನಡೆದು ಬಂದ ದಾರಿ

1979ರಲ್ಲಿ ಬ್ರಿಟನ್ನಿನ 'ನರ್ಸ್ ವಿತ್ ವೂಂಡ್' ಗುಂಪು ತನ್ನ ಮೊದಲ ಆಲ್ಬಂ ಜೊತೆ ಒಂದು ಪಟ್ಟಿ ಕೊಟ್ಟಿತು. ಅದರಲ್ಲಿ ವಿಚಿತ್ರ ಸಂಗೀತ ಮಾಡುವ 291 ಹೆಸರು. ವಿವರಣೆ ಏನೂ ಇಲ್ಲ, ಬರೀ ಹೆಸರು. ದಶಕಗಟ್ಟಲೆ ಜನ ಆ ಪಟ್ಟಿ ಹಿಡಿದು ಅಂಗಡಿ ಅಂಗಡಿ ಅಲೆದರು. 1980ರ ದಶಕದಲ್ಲಿ ಅಂಚೆಯಲ್ಲಿ ಕ್ಯಾಸೆಟ್ ವಿನಿಮಯ. 2000ದ ನಂತರ ಎಂಪಿ3 ಬಂತು. ಎಲ್ಲೂ ಸಿಗದ ರೆಕಾರ್ಡುಗಳನ್ನು ಜನ ಮನೆಯಲ್ಲಿ ಕೂತು ಕಂಪ್ಯೂಟರಿಗೆ ಇಳಿಸಿ ಮೆಗಾಅಪ್‌ಲೋಡ್‌ನಂಥ ಕಡೆ ಹಾಕಿದರು. 2012ರ ಜನವರಿಯಲ್ಲಿ ಅಮೆರಿಕ ಸರ್ಕಾರ ಮೆಗಾಅಪ್‌ಲೋಡ್‌ಗೆ ಬೀಗ ಜಡಿದಾಗ ಪೈರೇಟೆಡ್ ಸಿನಿಮಾಗಳ ಜೊತೆ ಈ ಅಪರೂಪದ ಸಂಗೀತದ ಲಿಂಕುಗಳೂ ಒಂದೇ ಏಟಿಗೆ ಸತ್ತವು.

ಇದೆಲ್ಲದರ ನಡುವೆ ಗಟ್ಟಿಯಾಗಿ ನಿಂತದ್ದು ಉಬುವೆಬ್. ಕವಿ ಕೆನೆತ್ ಗೋಲ್ಡ್‌ಸ್ಮಿತ್ 1996ರಲ್ಲಿ ಶುರು ಮಾಡಿದ ಈ ಆರ್ಕೈವ್‌ನಲ್ಲಿ ಜಾಹೀರಾತಿಲ್ಲ, ಚಂದಾ ಇಲ್ಲ, ಲಾಗಿನ್ ಇಲ್ಲ. ಬಹುಪಾಲು ಅನುಮತಿಯೂ ಇಲ್ಲ. ಕಲಾವಿದರು ಬೇಡ ಅಂದರೆ ತೆಗೀತಾರೆ. 2024ರಲ್ಲಿ ಇನ್ನು ಹೊಸದೇನೂ ಸೇರಿಸಲ್ಲ ಅಂತ ನಿಲ್ಲಿಸಿದ್ದರು. ಸಾಮೂಹಿಕ ನೆನಪನ್ನೇ ಅಳಿಸುವ ರಾಜಕೀಯ ಜೋರಾದಾಗ ಆರ್ಕೈವ್ ಮಾಡೋದು ಪ್ರತಿರೋಧ ಅಂತ ಹೇಳಿ 2025ರಲ್ಲಿ ಮತ್ತೆ ಶುರು ಮಾಡಿದರು.

ಇಂಟರ್ನೆಟ್ ಆರ್ಕೈವ್ ಇನ್ನೊಂದು ಆಸರೆ. ಹಳೆಯ 78 ಆರ್‌ಪಿಎಂ ತಟ್ಟೆಗಳನ್ನು ಡಿಜಿಟಲ್ ಮಾಡಿ ಹಾಕಿದ್ದಕ್ಕೆ ದೊಡ್ಡ ಮ್ಯೂಸಿಕ್ ಕಂಪನಿಗಳು 2023ರ ಆಗಸ್ಟ್‌ನಲ್ಲಿ ಅದರ ಮೇಲೆ ಕೇಸು ಹಾಕಿದವು. 2025ರಲ್ಲಿ ರಾಜಿಯಾಯ್ತು, ಷರತ್ತುಗಳು ಗುಟ್ಟಾಗಿವೆ.

ಟೇಪ್ ಸಾಯೋದು ಹೇಗೆ?

ಟೇಪ್ ಅಂದ್ರೆ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಾಂತೀಯ ಪುಡಿ, ಎರಡನ್ನೂ ಹಿಡಿದಿಡೋ ಅಂಟು. 1970-80ರ ದಶಕದ ಹಲವು ಬ್ರ್ಯಾಂಡುಗಳ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತೆ. ಪ್ಲೇಯರ್‌ಗೆ ಹಾಕಿದರೆ ಪುಡಿ ಕಿತ್ತು ಹೆಡ್‌ಗೆ ಮೆತ್ತಿಕೊಳ್ಳುತ್ತೆ, ಅದರ ಜೊತೆ ಸಂಗೀತವೂ ಹೋಗುತ್ತೆ. ತಜ್ಞರು ಇಂಥ ಟೇಪನ್ನು ಸುಮಾರು 50 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ತಾತ್ಕಾಲಿಕವಾಗಿ ಗಟ್ಟಿ ಮಾಡಿ, ತಕ್ಷಣ ನಕಲು ತೆಗೀತಾರೆ. ಇದನ್ನು ಮನೆಯ ಓವನ್ನಿನಲ್ಲಿ ಮಾಡೋಕೆ ಹೋಗಬೇಡಿ. ಕೆಲವು ಬಗೆಯ ಹಳೇ ಟೇಪುಗಳು ಬಿಸಿಗೆ ಪೂರ್ತಿ ಹಾಳಾಗ್ತವೆ.

ಟೇಪ್ ಚೆನ್ನಾಗಿದ್ದರೂ ಅದನ್ನು ನುಡಿಸೋ ಯಂತ್ರ, ಬಿಡಿಭಾಗ, ರಿಪೇರಿ ಗೊತ್ತಿರೋ ಕೈ ಸಿಗೋದು ಕಷ್ಟ. ಈ ಎಲ್ಲ ಕಾರಣಕ್ಕೆ 2025ರ ಹೊತ್ತಿಗೆ ಡಿಜಿಟಲ್ ಆಗದ ಟೇಪುಗಳ ಗತಿ ಕಷ್ಟ ಅಂತ ಧ್ವನಿ ಆರ್ಕೈವ್‌ಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಮತ್ತು ಯುನೆಸ್ಕೋ 2019ರಲ್ಲೇ ಎಚ್ಚರಿಸಿದ್ದವು. ಆ ಗಡುವು ಬಂದಾಯ್ತು.

ಇಂಜಿನಿಯರಿಂಗ್ ಓದಿದವನ ಚಟ, ಒಂದು ಲೆಕ್ಕ ಹಾಕೇಬಿಡೋಣ. ಆರ್ಕೈವ್‌ಗಳು ಶಿಫಾರಸು ಮಾಡೋ 24 ಬಿಟ್, 96 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ 1 ಗಂಟೆ ಸ್ಟೀರಿಯೋ ಅಂದ್ರೆ ಸುಮಾರು 2 ಜಿಬಿ. ಅಂದ್ರೆ 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ 500 ಗಂಟೆಯಷ್ಟು ಹಿಡಿಯುತ್ತೆ. ಜಾಗ ದುಬಾರಿ ಅನ್ನೋ ನೆಪ ಇವತ್ತು ಯಾವ ಸಂಸ್ಥೆಗೂ ಇಲ್ಲ. ಬೇಕಿರೋದು ಜನ, ಯಂತ್ರ, ಮನಸ್ಸು.

ಕಾನೂನು ಏನು ಹೇಳುತ್ತೆ?

ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. ಒಳಗಿರುವ ಸಾಹಿತ್ಯ, ಸಂಯೋಜನೆಗೆ ಬೇರೆ ಲೆಕ್ಕ: ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ಈ ಲೆಕ್ಕದಲ್ಲಿ 1982ರ ಒಂದು ಎಲ್‌ಪಿಯ ಧ್ವನಿಮುದ್ರಣ ಸಾರ್ವಜನಿಕ ಸ್ವತ್ತಾಗೋದು 2043ರಲ್ಲಿ. ಉದ್ದೇಶಪೂರ್ವಕ ಉಲ್ಲಂಘನೆಗೆ 3 ವರ್ಷದವರೆಗೆ ಜೈಲಿದೆ.

ಆದರೆ ಕಾಯ್ದೆಯಲ್ಲಿ ಕಿಟಕಿಗಳೂ ಇವೆ, ಹೆಚ್ಚಿನವರಿಗೆ ಗೊತ್ತಿಲ್ಲ:

- ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆಗೆ ಸೆಕ್ಷನ್ 52ರಲ್ಲಿ ನ್ಯಾಯಯುತ ಬಳಕೆಯ ವಿನಾಯಿತಿ ಇದೆ.
- ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ಮಾಡಿ ಇಟ್ಟುಕೊಳ್ಳಬಹುದು. ಇದು 2012ರ ತಿದ್ದುಪಡಿ ಕೊಟ್ಟ ಅವಕಾಶ.
- ಹಕ್ಕುದಾರರು ತೀರಿಕೊಂಡಿದ್ದರೆ, ಯಾರೆಂದು ಗೊತ್ತಿಲ್ಲದಿದ್ದರೆ ಅಥವಾ ಪತ್ತೆಯಾಗದಿದ್ದರೆ ಸೆಕ್ಷನ್ 31ಎ ಅಡಿ ಪ್ರಕಟಣೆಯ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು.

ಗಮನಿಸಿ: ನಕಲು ಮಾಡಿದರೆ ಶಿಕ್ಷೆ ಇದೆ. ಇರೋ ಒಂದೇ ಪ್ರತಿಯನ್ನು ಕೊಳೆಯೋಕೆ ಬಿಟ್ಟ ಹಕ್ಕುದಾರನಿಗೆ ಈ ಕಾಯ್ದೆಯಲ್ಲಿ ಯಾವ ಶಿಕ್ಷೆಯೂ ಇಲ್ಲ.

ಎದುರು ವಾದವನ್ನೂ ಕೇಳಬೇಕು

"ಎಲ್ಲಾ ಫ್ರೀ ಮಾಡಿಬಿಡಿ" ಅನ್ನೋದು ಸುಲಭ. ಇವತ್ತು ಬದುಕಿರುವ ಪ್ರಯೋಗಶೀಲ ಸಂಗೀತಗಾರರಿಗೆ ಸ್ಟ್ರೀಮಿಂಗ್‌ನಿಂದ ಬರೋದು ಪುಡಿಗಾಸು. ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ನೇರವಾಗಿ ಮಾರಿ ಒಂದಿಷ್ಟು ಗಳಿಸ್ತಾರೆ. ಅವರ ಆಲ್ಬಮ್ಮನ್ನು ಟೆಲಿಗ್ರಾಂನಲ್ಲಿ ಹಂಚೋದು ಪ್ರತಿರೋಧ ಅಲ್ಲ, ಅವರ ಅನ್ನಕ್ಕೆ ಕಲ್ಲು ಹಾಕೋದು. ಕೊಳ್ಳೋಕೆ ಸಿಗೋದನ್ನು ಕೊಂಡುಕೊಳ್ಳಬೇಕು. ಹಂಚಿಕೆಯ ನೈತಿಕತೆ ಶುರುವಾಗೋದು ಎಲ್ಲೂ ಸಿಗದ ಕಡೆಯಿಂದ.

ಇನ್ನೊಂದು ಪ್ರಶ್ನೆ ಇನ್ನೂ ಇರಿಯುವಂಥದ್ದು. ನಮ್ಮ ಸಂಗೀತವನ್ನು ಯುರೋಪಿನವರು ಬಂದು ಹುಡುಕಿದಾಗ ಮಾತ್ರ ಅದು ಹುಡುಕಾಟವಾ? ಹೊರಗಿನವರ ಕಣ್ಣಿಗೆ ಬಿದ್ದ ಮೇಲೆ ಅದು ಆಮದಾದ ವಿನೈಲ್ ಆಗಿ, ನಮ್ಮ ಕೈಗೆಟುಕದ ಬೆಲೆಗೆ ವಾಪಸ್ ಬರುತ್ತೆ. ಯಾವುದು ವಿಚಿತ್ರ, ಯಾವುದು ಮುಖ್ಯ ಅಂತ ತೀರ್ಮಾನಿಸೋದೂ ಅವರೇ. ಬೌಮನ್, ಪರ್ಗಾಸ್ ಮಾಡಿದ ಕೆಲಸಕ್ಕೆ ಋಣಿಯಾಗಿರೋಣ. ಅವರು ಬರೋತನಕ ನಾವು ಏನು ಮಾಡ್ತಿದ್ದೆವು ಅನ್ನೋದನ್ನು ನಮ್ಮನ್ನೇ ಕೇಳಿಕೊಳ್ಳೋಣ.

ಕನ್ನಡದಲ್ಲಿ ಏನಿದೆ?

ಬಿ.ವಿ. ಕಾರಂತರನ್ನು ನಾವು ರಂಗಕರ್ಮಿ ಅಂತ ನೆನೆಯುತ್ತೇವೆ. ಸದ್ದನ್ನೇ ಸಂಗೀತವಾಗಿ ಬಳಸೋದರಲ್ಲಿ ಅವರು ದೊಡ್ಡ ಪ್ರಯೋಗಿ. ಕೈಗೆ ಸಿಕ್ಕ ವಸ್ತು, ನಟರ ಉಸಿರು, ಅರ್ಥವಿಲ್ಲದ ಉಚ್ಚಾರ, ಎಲ್ಲವೂ ಅವರಿಗೆ ವಾದ್ಯ. 1977ರ 'ಘಟಶ್ರಾದ್ಧ' ಸಿನಿಮಾದ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಸಿನಿಮಾವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅದರ ಜೊತೆಗಾರರು ಪುನರುಜ್ಜೀವನಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸಿನಿಮಾ ಉಳೀತು, ಅದರೊಳಗಿನ ಕಾರಂತರ ಸದ್ದೂ ಉಳೀತು.

ನಾಟಕದ ಸಂಗೀತಕ್ಕೆ ಆ ಅದೃಷ್ಟ ಇಲ್ಲ. ಪ್ರದರ್ಶನ ಮುಗಿದ ರಾತ್ರಿಯೇ ಅದು ಮುಗೀತು, ಯಾರಾದರೂ ಟೇಪ್ ರೆಕಾರ್ಡರ್ ಒತ್ತಿದ್ದರೆ ಮಾತ್ರ ಉಂಟು. ಕಾರಂತರದ್ದಷ್ಟೇ ಅಲ್ಲ, ಸಮುದಾಯದ ಬೀದಿನಾಟಕಗಳದ್ದು, ದಲಿತ ಚಳವಳಿಯ ಹೋರಾಟದ ಹಾಡುಗಳದ್ದೂ ಇದೇ ಪಾಡು. ಆ ಕ್ಯಾಸೆಟ್‌ಗಳು ಇವತ್ತು ಯಾರದೋ ಅಟ್ಟದ ಮೇಲೆ, ಯಾವುದೋ ಸಂಘದ ಬೀರುವಿನಲ್ಲಿ ಇರಬಹುದು.

ನೀವೇನು ಮಾಡಬಹುದು?

- ಮೊದಲು ಬರೆದಿಡಿ. ಕ್ಯಾಸೆಟ್ ಸಿಕ್ಕರೆ ಅದರ ಮೇಲಿನ ಬರಹದ ಫೋಟೋ ತೆಗೀರಿ. ಯಾರು, ಎಲ್ಲಿ, ಯಾವಾಗ, ಯಾರು ಮುದ್ರಿಸಿದ್ದು ಅಂತ ಗೊತ್ತಿರೋ ಹಿರಿಯರನ್ನು ಈಗಲೇ ಕೇಳಿ. ಹೆಸರಿಲ್ಲದ ಫೈಲ್ ಅರ್ಧ ಸತ್ತ ಫೈಲ್.
- ಕ್ಯಾಸೆಟ್ಟಿನ ತಲೆಭಾಗದ ಎರಡು ಪ್ಲಾಸ್ಟಿಕ್ ಚಿಪ್ಪು ಮುರಿಯಿರಿ. ಆಮೇಲೆ ಅದರ ಮೇಲೆ ಯಾರೂ ಅಪ್ಪಿತಪ್ಪಿ ಬೇರೆ ರೆಕಾರ್ಡ್ ಮಾಡೋಕಾಗಲ್ಲ.
- ಮೂಲ ಪ್ರತಿಯನ್ನು ವೇವ್ ಅಥವಾ ಫ್ಲ್ಯಾಕ್‌ನಲ್ಲಿ ಇಡಿ. ಎಂಪಿ3 ಹಂಚೋಕೆ ಸಾಕು, ಉಳಿಸೋಕೆ ಸಾಲದು. 3 ಪ್ರತಿ ಮಾಡಿ, ಒಂದು ಬೇರೆ ಊರಲ್ಲಿರಲಿ.
- ಕೇಳಿ ಹಂಚಿ. ಕಲಾವಿದರು ಅಥವಾ ಮನೆಯವರು ಸಿಕ್ಕರೆ ಅವರ ಒಪ್ಪಿಗೆ ಪಡೆಯಿರಿ. ಬೇಡ ಅಂದರೆ ಬೇಡ.
- ಆರ್‌ಟಿಐ ಹಾಕಿ. ಆಕಾಶವಾಣಿ, ಅಕಾಡೆಮಿಗಳು, ರಂಗಾಯಣ, ವಿಶ್ವವಿದ್ಯಾಲಯಗಳಿಗೆ ಮೂರೇ ಪ್ರಶ್ನೆ: ನಿಮ್ಮಲ್ಲಿ ಎಷ್ಟು ಟೇಪುಗಳಿವೆ, ಎಷ್ಟು ಡಿಜಿಟಲ್ ಆಗಿವೆ, ಸಾರ್ವಜನಿಕರು ಹೇಗೆ ಕೇಳಬಹುದು? ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಇಲಾಖೆಗಳಿಗಾದರೆ ಒಂದೇ ವಿಷಯ, 150 ಪದ ಮೀರಬಾರದು ಅನ್ನೋ ನಿಯಮವಿದೆ. ಈ ಮೂರು ಪ್ರಶ್ನೆಗೆ ಅಷ್ಟು ಪದ ಬೇಕಾಗೂ ಇಲ್ಲ.

ಎನ್‌ಐಡಿಯ ಟೇಪುಗಳು ಸಿಕ್ಕಿದ್ದು ಒಬ್ಬರು ಹೋಗಿ "ಅವು ಇದಾವಾ?" ಅಂತ ಕೇಳಿದ್ದರಿಂದ. ನಮ್ಮ ಊರಿನ ಬೀರುಗಳ ಬಗ್ಗೆ ಆ ಪ್ರಶ್ನೆ ಕೇಳೋಕೆ ಲಂಡನ್ನಿಂದ ಯಾರೂ ಬರಬೇಕಾಗಿಲ್ಲ.